ಪೊರಕೆ ಹೊತ್ತು ಊರೂರು ಸುತ್ತಿದ ಪತ್ತೇದಾರಿ ಕಾದಂಬರಿಕಾರ



ಈ ಸಲದ ವಾರ್ಷಿಕ ಸಂಚಿಕೆಗೆ ನೀನೂ ಏನಾದ್ರೂ ಬರೀಬೇಕು ಅಂತ ಸಂಪಾದಕ ಮಿತ್ರರು ಹೇಳಿದಾಗ ನಾನು ನಕ್ಕುಬಿಟ್ಟೆ. ನಾನು ಹಾಸನದ ಸರ್ಕಾರಿ ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. ಬರೆದು ರೂಢಿ ಇರೋದು ಮೆಗ್ಗರ್ ರೀಡಿಂಗ್ ಮತ್ತು ಸೈಟ್ ರಿಪೋರ್ಟ್ ಮಾತ್ರ. ಆದರೂ ಒಬ್ಬ ಮನುಷ್ಯನ ಕಥೆ ಒಂದು ವರ್ಷದಿಂದ ತಲೆಯಲ್ಲಿ ಕೂತಿದೆ. ಅವರು ಜಪಾನಿನ ದೊಡ್ಡ ಪತ್ತೇದಾರಿ ಕಾದಂಬರಿಕಾರರು, ಹೆಸರು ಮಾತ್ಸುಮೊತೊ ಸೇಚೊ. ತೀರಿಕೊಂಡು ಮೂವತ್ತು ವರ್ಷದ ಮೇಲಾಯ್ತು. ಅವರ ಕಥೆ ನಮ್ಮಂಥ ದುಡಿಯೋಕೆ ಬಂದವರು ಕೇಳಲೇಬೇಕಾದ್ದು ಅನ್ನಿಸಿ ಬರೀತಿದ್ದೀನಿ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ನನ್ನ ಕಡೆಯ ಒಂದು ವಿಷಯ. ನಮ್ಮಪ್ಪ ಅರಸೀಕೆರೆ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಮೂಟೆ ಹೊರ್ತಿದ್ದೋರು. ಶಾಲೆ ಕಂಡದ್ದು ಕಡಿಮೆ, ಆದರೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಸಿಕ್ಕಿದರೆ ಊಟ ಬಿಟ್ಟು ಓದ್ತಿದ್ರು. ನಾನು ಇಲ್ಲಿಗೆ ಬಂದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪ ಕೇಳೋದು ಒಂದೇ, ಆ ಊರು ಹೆಂಗಿದೆ ಅಂತ. ನಾನು ಹೇಳೋದೂ ಒಂದೇ, ಚೆನ್ನಾಗಿದೆ ಅಂತ. ಮೂರು ವರ್ಷ ಹೀಗೇ ಹೋಯ್ತು. ಬೆಳಗ್ಗೆ ವ್ಯಾನು, ಹಗಲೆಲ್ಲ ಕೇಬಲ್ ಟ್ರೇ, ಸಂಜೆ ರೂಮು. ಊರು ಹೆಂಗಿದೆ ಅಂತ ನಾನು ನೋಡಿದ್ರೆ ತಾನೆ ಹೇಳೋದು!

ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಸೈಟಿನ ಮೇಸ್ತ್ರಿ ಒಂದು ಹಳೇ ಪುಸ್ತಕ ಓದ್ತಾ ಕೂತಿದ್ರು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಏನು ಓದ್ತಿದ್ದೀರಿ ಅಂತ ನನ್ನ ಅರೆಬರೆ ಜಪಾನಿಯಲ್ಲಿ ಕೇಳಿದೆ. ರೈಲಿನ ವೇಳಾಪಟ್ಟಿ ಇಟ್ಟುಕೊಂಡು ಕೊಲೆ ಕಂಡುಹಿಡಿಯೋ ಕಥೆ ಅಂದ್ರು. ಬರೆದವನೂ ನಿನ್ನ ಹಾಗೇ ಹದಿನೈದು ವರ್ಷಕ್ಕೇ ಎಲೆಕ್ಟ್ರಿಕ್ ಕಂಪನಿಗೆ ಸೇರಿದವನು ಅಂತಲೂ ಸೇರಿಸಿದ್ರು. ಅಲ್ಲಿಂದ ನನಗೆ ಹುಚ್ಚು ಹಿಡೀತು. ತ್ಸುಕುಬಾದ ಅಜುಮಾದಲ್ಲಿರುವ ನಗರದ ಕೇಂದ್ರ ಗ್ರಂಥಾಲಯಕ್ಕೆ ಅವತ್ತೇ ಮೊದಲ ಸಲ ಕಾಲಿಟ್ಟೆ. ಇಂಗ್ಲಿಷ್ ಅನುವಾದ ಎಲ್ಲೆಲ್ಲಿಂದಲೋ ಹುಡುಕಿ ತಂದು ಓದಿದೆ, ಸಿನಿಮಾ ನೋಡಿದೆ, ಉಳಿದದ್ದನ್ನು ಮೇಸ್ತ್ರಿ ಹತ್ರ ಕೇಳಿ ಕೇಳಿ ತಿಳ್ಕೊಂಡೆ.

ದಾಖಲೆಯ ಪ್ರಕಾರ ಸೇಚೊ ಹುಟ್ಟಿದ್ದು 1909ರ ಡಿಸೆಂಬರ್ 21ರಂದು, ಕ್ಯೂಶೂ ದ್ವೀಪದ ಕೊಕುರಾದಲ್ಲಿ. ಈಗ ಅದು ಕಿತಾಕ್ಯೂಶೂ ನಗರದ ಭಾಗ. ತಂದೆತಾಯಿ ಇಟ್ಟ ಹೆಸರು ಕಿಯೊಹಾರು. ಅದೇ ಎರಡು ಅಕ್ಷರಗಳನ್ನು ಇನ್ನೊಂದು ಥರ ಓದಿದರೆ ಸೇಚೊ ಆಗುತ್ತೆ, ಜಪಾನಿ ಕಲಿಯೋಕೆ ಒದ್ದಾಡ್ತಿರೋ ನಮಗೆ ಇದೇನು ಹೊಸದಲ್ಲ. ಅವರಿಗಿಂತ ಮೊದಲು ಹುಟ್ಟಿದ ಇಬ್ಬರು ಅಕ್ಕಂದಿರು ಎಳೆಯ ವಯಸ್ಸಿನಲ್ಲೇ ತೀರಿಹೋಗಿದ್ರು. ಉಳಿದದ್ದು ಇವರೊಬ್ಬರೇ. ಬಾಲ್ಯ ಕಳೆದದ್ದು ಸಮುದ್ರದ ಆಚೆ ದಡದ ಶಿಮೊನೊಸೆಕಿಯಲ್ಲಿ, ಆಮೇಲೆ ಮತ್ತೆ ಕೊಕುರಾದಲ್ಲಿ.

ತಂದೆಯ ಊರು ತೊತ್ತೊರಿ ಪ್ರಾಂತ್ಯದ ಬೆಟ್ಟಗಳ ನಡುವಿನ ಯಾತೊ ಅನ್ನೋ ಹಳ್ಳಿ. ಆ ತಂದೆಯನ್ನು ಮಗುವಾಗಿದ್ದಾಗಲೇ ಬೇರೆ ಮನೆಗೆ ದತ್ತು ಕೊಟ್ಟುಬಿಟ್ಟಿದ್ರು. ಒಂದಾದ ಮೇಲೊಂದು ಕಸುಬು ಮಾಡಿದ್ರು, ಯಾವುದೂ ಕೈಹತ್ತಲಿಲ್ಲ. ಆದರೆ ರಾತ್ರಿ ಮಲಗೋವಾಗ ಮಗನನ್ನು ತೋಳಿನ ಮೇಲೆ ಮಲಗಿಸಿಕೊಂಡು ಆ ಬೆಟ್ಟದೂರಿನ ಹೊಳೆ, ಮರ, ದಾರಿ ಎಲ್ಲಾ ವರ್ಣಿಸ್ತಿದ್ರಂತೆ. ಮಗ ಆ ಊರನ್ನು ಕಣ್ಣಾರೆ ಕಂಡದ್ದು ದೊಡ್ಡವನಾದ ಮೇಲೆ. ನೋಡದ ಊರನ್ನು ಮಾತಿನಲ್ಲೇ ಕಾಣೋ ಅಭ್ಯಾಸ ಅವರಿಗೆ ಅಪ್ಪನ ತೋಳಿನ ಮೇಲೆ ಬಂತು ಅನ್ನಬಹುದು.

1924ರಲ್ಲಿ ಹಿರಿಯ ಪ್ರಾಥಮಿಕ ಶಾಲೆ ಮುಗೀತು. ಓದು ಅಲ್ಲಿಗೇ ನಿಂತಿತು. ಮನೆಯಲ್ಲಿ ದುಡ್ಡಿರಲಿಲ್ಲ. ಹುಡುಗ ಕವಾಕಿತಾ ಅನ್ನೋ ವಿದ್ಯುತ್ ಕಂಪನಿಯ ಕೊಕುರಾ ಶಾಖೆಯಲ್ಲಿ ಆಫೀಸ್ ಬಾಯ್ ಆಗಿ ಸೇರಿದ. ಮೇಸ್ತ್ರಿ ಹೇಳಿದ್ದು ಇದೇ ಕಂಪನಿ. ವೈರ್ ಹಿಡಿಯೋ ಕೆಲಸ ಅಲ್ಲ, ಕಾಗದಪತ್ರ ತಲುಪಿಸೋದು, ಹೇಳಿದಲ್ಲಿಗೆ ಓಡೋದು. ಓರಗೆಯ ಹುಡುಗರು ಮೇಲಿನ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಎದುರಿಗೆ ಬಂದಾಗ ಆಗ್ತಿದ್ದ ಸಂಕಟ ಅವರಿಗೆ ಕೊನೇವರೆಗೂ ಮರೆಯಲಿಲ್ಲ. ಐ.ಟಿ.ಐ. ಬ್ಯಾಗ್ ಹಾಕ್ಕೊಂಡು ಇಂಜಿನಿಯರಿಂಗ್ ಕಾಲೇಜಿನ ಬಸ್ಸಿನ ಮುಂದೆ ನಿಂತಿದ್ದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಬಳದಲ್ಲಿ ಮಿಗಿಸಿಕೊಂಡು, ಸಿಕ್ಕಿದ ಕಡೆ ಎರವಲು ತಂದು, ಅವರು ಪುಸ್ತಕ ಓದೋಕೆ ಶುರು ಮಾಡಿದ್ದು ಈ ಕೆಲಸದಲ್ಲಿದ್ದಾಗಲೇ.

1927ರಲ್ಲಿ ವ್ಯಾಪಾರ ಕುಸಿದು ಆ ಶಾಖೆ ಮುಚ್ಚಿಹೋಯ್ತು. ಮರು ವರ್ಷ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಲಿಯೋ ಹುಡುಗನಾಗಿ ಸೇರಿದ್ರು. ಕಲ್ಲಚ್ಚಿನ ಕಾಲ ಅದು. ಅಕ್ಷರ, ಚಿತ್ರ ಎಲ್ಲಾ ಕೈಯಲ್ಲೇ ಬರೀಬೇಕು. ಆ ಕಸುಬು ಅವರಿಗೆ ಒಲೀತು. ಆದರೆ 1929ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಜೊತೆಯ ಗೆಳೆಯರು ಎಡಪಂಥದ ಪತ್ರಿಕೆ ತರಿಸ್ತಿದ್ರು ಅನ್ನೋ ಕಾರಣಕ್ಕೆ ಪೊಲೀಸರು ಇವರನ್ನೂ ಹಿಡಿದು ಕೆಲವು ದಿನ ಲಾಕಪ್ಪಿನಲ್ಲಿಟ್ಟರು. ಬಿಡುಗಡೆಯಾಗಿ ಮನೆಗೆ ಬಂದರೆ ಅಪ್ಪ ಭಯದಲ್ಲಿ ಇದ್ದ ಪುಸ್ತಕಗಳನ್ನೆಲ್ಲ ಸುಟ್ಟುಹಾಕಿದ್ರು, ಇನ್ನು ಓದಬೇಡ ಅಂತ ಕಟ್ಟುನಿಟ್ಟು ಮಾಡಿದ್ರು. ಪೊಲೀಸ್ ಠಾಣೆ ಒಳಗಿನಿಂದ ಹೇಗಿರುತ್ತೆ ಅನ್ನೋದನ್ನು ಇವರು ಪುಸ್ತಕದಿಂದ ಕಲಿತದ್ದಲ್ಲ ಅಂತ ಇದರಿಂದ ಗೊತ್ತಾಗುತ್ತೆ.

1936ರಲ್ಲಿ ಮದುವೆ. ಮರುವರ್ಷದಿಂದ ಅಸಾಹಿ ಪತ್ರಿಕೆಯ ಕೊಕುರಾ ಕಚೇರಿಗೆ ಜಾಹೀರಾತಿನ ಅಕ್ಷರ, ಚಿತ್ರ ಬರೆದುಕೊಡೋ ಕೆಲಸ. ಮೊದಲು ಗುತ್ತಿಗೆ, ವರ್ಷಗಳು ಕಳೆದ ಮೇಲೆ ಕಾಯಂ. ಅಲ್ಲೂ ವಿಶ್ವವಿದ್ಯಾಲಯದಿಂದ ಬಂದವರ ಸಾಲು ಬೇರೆ, ಇವರ ಸಾಲು ಬೇರೆ. ಎಷ್ಟು ದುಡಿದರೂ ಮೇಲಿನ ಸಾಲಿಗೆ ಹೋಗೋ ಹಾಗಿರಲಿಲ್ಲ. ಅಷ್ಟರಲ್ಲಿ ಯುದ್ಧ ಬಂತು. 1944ರಲ್ಲಿ ಸೈನ್ಯಕ್ಕೆ ಎಳೆದುಕೊಂಡು ಹೋದ್ರು. ವೈದ್ಯಕೀಯ ದಳದ ಸಾಮಾನ್ಯ ಸಿಪಾಯಿಯಾಗಿ ಕೊರಿಯಾದಲ್ಲಿದ್ದು, 1945ರಲ್ಲಿ ಯುದ್ಧ ಸೋತ ಮೇಲೆ ಊರಿಗೆ ವಾಪಸಾದ್ರು.

ಇನ್ನು ಪೊರಕೆಯ ವಿಷಯಕ್ಕೆ ಬರ್ತೀನಿ.

ಯುದ್ಧ ಮುಗಿದ ಜಪಾನಿನಲ್ಲಿ ಅನ್ನಕ್ಕೇ ತತ್ವಾರ. ಪತ್ರಿಕೆಗೆ ಕಾಗದ ಇಲ್ಲದೆ ಬರೀ ಎರಡು ಪುಟ ಅಚ್ಚಾಗ್ತಿತ್ತು, ಜಾಹೀರಾತಿಗೆ ಜಾಗವೇ ಇಲ್ಲ, ಕೆಲಸವೂ ಇಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿ, ಹೆಂಡತಿ, ಮಕ್ಕಳು. ಕೊನೆಗೆ ಎಂಟು ಬಾಯಿ. ಇರೋದಕ್ಕೆ ಹಳೇ ಶಸ್ತ್ರಾಗಾರದ ಕಾರ್ಮಿಕರ ವಸತಿಯಲ್ಲಿ ಒಂದು ಗೂಡು. ಆಗ ಹೆಂಡತಿಯ ತವರಿನ ಕಡೆ, ಸಾಗಾ ಪ್ರಾಂತ್ಯದಲ್ಲಿ, ಪೊರಕೆ ಕಟ್ಟೋದನ್ನು ಇವರು ನೋಡಿದ್ರು. ಪೇಟೆಯಲ್ಲಿ ಪೊರಕೆಗೆ ಬರ ಇತ್ತು. ಕಚೇರಿಗೆ ರಜೆ ಇದ್ದ ದಿನಗಳಲ್ಲಿ ಮಾದರಿ ಪೊರಕೆ ಹೊತ್ತುಕೊಂಡು ಅಂಗಡಿ ಅಂಗಡಿ ಹತ್ತಿ ಇಳಿಯೋಕೆ ಶುರು ಮಾಡಿದ್ರು. ಮೊದಲು ಅಕ್ಕಪಕ್ಕದ ಊರು, ಆಮೇಲೆ ರೈಲು ಹತ್ತಿ ಹಿರೋಶಿಮಾ, ಅಲ್ಲಿಂದ ಒಸಾಕಾ, ಕ್ಯೋತೊ. ಬಾಂಬ್ ಬಿದ್ದು ಇನ್ನೂ ವರ್ಷಗಳಾಗದ ಹಿರೋಶಿಮಾದಲ್ಲಿ, ಮತ್ತೆ ಎದ್ದು ನಿಲ್ತಿದ್ದ ಅಂಗಡಿಗಳಿಗೆ ಪೊರಕೆ ಬೇಕೇ ಅಂತ ಕೇಳ್ಕೊಂಡು ಹೋಗೋದನ್ನು ಯೋಚನೆ ಮಾಡಿ.

ಆಗಿನ ರೈಲು ನಮ್ಮಲ್ಲಿ ಹಬ್ಬದ ದಿನ ಜನರಲ್ ಬೋಗಿ ಇರುತ್ತಲ್ಲ, ಹಾಗೆ. ನಿಲ್ಲೋಕೆ ಜಾಗ ಸಿಕ್ಕಿದರೆ ಪುಣ್ಯ. ರಾತ್ರಿಯೆಲ್ಲ ಪ್ರಯಾಣ, ಬೆಳಗ್ಗೆ ಇಳಿದು ವ್ಯಾಪಾರ, ಮತ್ತೆ ರಾತ್ರಿ ರೈಲಿಗೆ ವಾಪಸು. ಯಾವ ಜಂಕ್ಷನ್‌ನಲ್ಲಿ ಎಷ್ಟು ಹೊತ್ತು ಕಾಯಬೇಕು, ಯಾವ ಗಾಡಿ ತಪ್ಪಿದರೆ ಮುಂದಿನದು ಯಾವಾಗ ಅನ್ನೋದು ಅವರಿಗೆ ಬಾಯಿಪಾಠ ಆಗಿರಬೇಕು. ಗಾಡಿ ತಪ್ಪಿದರೆ ಒಂದು ದಿನದ ಅನ್ನ ಹೋದ ಹಾಗೆ. ಇಷ್ಟರ ನಡುವೆಯೂ ಕ್ಯೋತೊ, ನಾರಾ ಕಡೆ ಹೋದಾಗ ಹೇಗೋ ಹೊತ್ತು ಹೊಂದಿಸಿಕೊಂಡು ಹಳೇ ದೇವಸ್ಥಾನಗಳನ್ನು ನೋಡಿ ಬರ್ತಿದ್ರು. 1948ರ ಹೊತ್ತಿಗೆ ಪೇಟೆಗೆ ಸಾಮಾನು ಬರೋಕೆ ಶುರುವಾಗಿ ಈ ವ್ಯಾಪಾರ ನಿಂತುಹೋಯ್ತು. ಕೈಯಲ್ಲಿ ಉಳಿದದ್ದು ಏನೂ ಇಲ್ಲ, ಕಣ್ಣಲ್ಲಿ ಉಳಿದದ್ದು ಮಾತ್ರ ಬೇಕಾದಷ್ಟು.

ಆಗ ಅವರಿಗೆ ನಲವತ್ತರ ಹತ್ತಿರ. ಸಾಹಿತಿ ಆಗಬೇಕು ಅನ್ನೋ ಕನಸೇನೂ ಇಟ್ಟುಕೊಂಡಿರಲಿಲ್ಲ. ಬಹುಮಾನದ ಆಸೆಗೆ ಪ್ರವಾಸೋದ್ಯಮದ ಪೋಸ್ಟರ್ ಸ್ಪರ್ಧೆಗಳಿಗೆ ಚಿತ್ರ ಕಳಿಸ್ತಿದ್ರು, ಕೆಲವು ಗೆದ್ದೂ ಇದ್ರು. ಹಾಗೇ ಒಂದು ವಾರಪತ್ರಿಕೆಯ ಕಥಾ ಸ್ಪರ್ಧೆಗೂ ಬರೆದು ಕಳಿಸಿದ್ರು. 1877ರ ದಂಗೆಯಲ್ಲಿ ಸೈಗೊ ತಕಾಮೊರಿಯ ಸೈನ್ಯ ಅಚ್ಚು ಹಾಕಿದ ನೋಟುಗಳ ಸುತ್ತ ಹೆಣೆದ ಕಥೆ ಅದು. 1950ರಲ್ಲಿ ಅದಕ್ಕೆ ಮೂರನೇ ಬಹುಮಾನ ಬಂತು. ಅಲ್ಲಿಂದ ಮನೆಯವರೆಲ್ಲ ಮಲಗಿದ ಮೇಲೆ ಬರೆಯೋದು ಅಭ್ಯಾಸ ಆಯ್ತು.

ಆಮೇಲೆ ಬರೆದ ಒಂದು ಕಥೆ ನನ್ನ ನಿದ್ದೆ ಕೆಡಿಸಿದ್ದು. ಮೋರಿ ಓಗಾಯ್ ಅನ್ನೋ ದೊಡ್ಡ ಸಾಹಿತಿ ಸೈನ್ಯದ ವೈದ್ಯರಾಗಿ 1899ರಿಂದ 1902ರವರೆಗೆ ಕೊಕುರಾದಲ್ಲಿದ್ರು. ಆ ಕಾಲದ ಅವರ ದಿನಚರಿ ಕಳೆದುಹೋಗಿತ್ತು. ಸೇಚೊ ಕಥೆಯಲ್ಲಿ ಅದೇ ಊರಿನ ಒಬ್ಬ ಯುವಕ, ಕಾಲು ಸರಿಯಿಲ್ಲ, ಮಾತು ಸರಿಯಿಲ್ಲ, ಆ ಮೂರು ವರ್ಷಗಳ ಬಗ್ಗೆ ಗೊತ್ತಿರೋ ಮುದುಕರನ್ನು ಹುಡುಕಿ ಹುಡುಕಿ ಮನೆಮನೆಗೆ ಹೋಗ್ತಾನೆ. ತಾಯಿ ಜೊತೆಗೆ ನಿಲ್ತಾಳೆ. ಇಡೀ ಆಯಸ್ಸು ಅದಕ್ಕೇ ಸವೆಸಿ ಬಡತನದಲ್ಲಿ ಸಾಯ್ತಾನೆ. ಅವನು ಸತ್ತ ಸ್ವಲ್ಪ ದಿನಕ್ಕೇ, 1951ರಲ್ಲಿ, ನಿಜವಾದ ದಿನಚರಿ ಸಿಕ್ಕಿಬಿಡುತ್ತೆ. ದಿನಚರಿ ಸಿಕ್ಕಿದ್ದು ನಿಜವಾಗಿ ನಡೆದದ್ದೇ. ಹಾಗಾದ್ರೆ ಆ ಹುಡುಗ ಪಟ್ಟ ಪಾಡೆಲ್ಲ ಏನಾಯ್ತು? ಕಥೆ ಉತ್ತರ ಹೇಳಲ್ಲ, ಕೇಳಿ ಸುಮ್ಮನಾಗುತ್ತೆ.

ಗೆಳೆಯರೇ, ನಮ್ಮಲ್ಲಿ ಬಹಳ ಜನ ವಿಶೇಷ ಕೌಶಲದ 1ನೇ ದರ್ಜೆ ವೀಸಾದಲ್ಲಿದ್ದೀವಿ. ಒಟ್ಟು 5 ವರ್ಷ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳೋ ಹಾಗಿಲ್ಲ. ನಾನು ಬರೋವಾಗ ಮಗಳಿಗೆ ಎರಡು ವರ್ಷ. ಗೋಡೆ ಒಳಗೆ ಎಳೆದ ವೈರ್ ಯಾರ ಕಣ್ಣಿಗೂ ಬೀಳಲ್ಲ, ಮೇಲೆ ಪ್ಲಾಸ್ಟರ್ ಬರುತ್ತೆ. ಈ 5 ವರ್ಷವೂ ಹಾಗೇ ಮುಚ್ಚಿಹೋಗುತ್ತಾ ಅನ್ನೋ ಭಯ ನನಗೂ ಇದೆ. ಪೊರಕೆ ಹೊತ್ತು ತಿರುಗಿದ ಮನುಷ್ಯನಿಗೂ ನಲವತ್ತರಲ್ಲಿ ಇದೇ ಭಯ ಇದ್ದಿರಬೇಕು, ಇಲ್ಲದಿದ್ದರೆ ಆ ಕಥೆ ಬರೆಯೋಕೆ ಆಗ್ತಿರಲಿಲ್ಲ. 1953ರ ಜನವರಿಯಲ್ಲಿ ಆ ಕಥೆಗೆ ಅಕುತಾಗಾವಾ ಪ್ರಶಸ್ತಿ ಬಂತು. ಜಪಾನಿನಲ್ಲಿ ಹೊಸ ಲೇಖಕರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಹೊಸ ಲೇಖಕರಿಗೆ ಆಗ 43 ವರ್ಷ!

ಅದೇ ವರ್ಷದ ಕೊನೆಗೆ ಪತ್ರಿಕೆಯ ತೋಕ್ಯೊ ಕಚೇರಿಗೆ ಬಂದ್ರು. ಎಲ್ಲರ ಹಾಗೆ ಮೊದಲು ಒಬ್ಬರೇ, ಸಂಸಾರ ಬಂದದ್ದು ಆಮೇಲೆ. 1955ರಲ್ಲಿ, ತೋಕ್ಯೊದ ಪೊಲೀಸ್ ಒಬ್ಬ ದೂರದ ಕ್ಯೂಶೂವಿನ ಸಣ್ಣ ಊರಿಗೆ ರೈಲಿನಲ್ಲಿ ಹೋಗಿ, ಒಂದು ಮನೆ ಎದುರು ಹೊಂಚು ಹಾಕಿ ಕೂರೋ ಕಥೆ ಬರೆದ್ರು. ಅದನ್ನು 1958ರಲ್ಲಿ ಸಿನಿಮಾ ಮಾಡಿದಾಗ ಆ ಊರು ಸಾಗಾ ಆಯ್ತು, ಪೊರಕೆ ಬರ್ತಿತ್ತಲ್ಲ, ಅದೇ ಸಾಗಾ. 1956ರಲ್ಲಿ ನೌಕರಿ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿದ್ರು.

1957ರ ಫೆಬ್ರವರಿಯಿಂದ ಅವರ ಹೆಸರು ಮನೆಮಾತು ಮಾಡಿದ ಕಾದಂಬರಿ ಧಾರಾವಾಹಿಯಾಗಿ ಬಂತು. ಬಂದದ್ದು ಸಾಹಿತ್ಯ ಪತ್ರಿಕೆಯಲ್ಲಲ್ಲ, ತಾಬಿ ಅನ್ನೋ ಪ್ರವಾಸಿ ಪತ್ರಿಕೆಯಲ್ಲಿ. ತಾಬಿ ಅಂದ್ರೆ ಪ್ರಯಾಣ. ಕಾದಂಬರಿಯ ಹೆಸರನ್ನು ಕನ್ನಡದಲ್ಲಿ ಬಿಂದು ಮತ್ತು ಗೆರೆ ಅನ್ನಬಹುದು. ಫುಕುವೊಕಾ ಹತ್ತಿರದ ಕಶೀಯಿ ಸಮುದ್ರ ತೀರದಲ್ಲಿ ಒಂದು ಚಳಿಗಾಲದ ಬೆಳಗ್ಗೆ ಒಬ್ಬ ಗಂಡಸು, ಒಬ್ಬ ಹೆಂಗಸು ಸತ್ತು ಬಿದ್ದಿರ್ತಾರೆ. ಪ್ರೇಮಿಗಳ ಆತ್ಮಹತ್ಯೆ ಅಂತ ಎಲ್ಲರೂ ಫೈಲ್ ಮುಚ್ಚೋಕೆ ತಯಾರು. ಆದರೆ ತೊರಿಗಾಯ್ ಅನ್ನೋ ಸ್ಥಳೀಯ ಹಳೇ ಪೊಲೀಸಿಗೆ ಸತ್ತವನ ಜೇಬಿನಲ್ಲಿದ್ದ ಒಂದು ಚೀಟಿ ಕಣ್ಣಿಗೆ ಚುಚ್ಚುತ್ತೆ. ರೈಲಿನ ಊಟದ ಬೋಗಿಯ ರಸೀದಿ ಅದು, ಒಬ್ಬರ ಊಟಕ್ಕೆ ಮಾತ್ರ. ಜೊತೆಯಾಗಿ ಸಾಯೋಕೆ ಹೊರಟವರು ಜೊತೆಯಾಗಿ ಯಾಕೆ ಉಣ್ಣಲಿಲ್ಲ?

ಇನ್ನೊಂದು ಕಡೆ ತೋಕ್ಯೊ ಸ್ಟೇಷನ್. ಆ ಇಬ್ಬರೂ ರಾತ್ರಿ ರೈಲು ಹತ್ತೋದನ್ನು ಎರಡು ಪ್ಲಾಟ್‌ಫಾರ್ಮ್ ಆಚೆಯಿಂದ ಕಂಡ ಸಾಕ್ಷಿಗಳಿದ್ದಾರೆ. ಆದರೆ ನಡುವಿನ ಹಳಿಗಳ ಮೇಲೆ ದಿನವಿಡೀ ಗಾಡಿ ಬರ್ತಾ ಹೋಗ್ತಾ ಇರುತ್ತೆ. 13ನೇ ಪ್ಲಾಟ್‌ಫಾರ್ಮಿನಿಂದ 15ನೆಯದು ಅಡ್ಡಿಯಿಲ್ಲದೆ ಕಾಣೋದು ಆ ಹೊತ್ತಿನಲ್ಲಿ ನಾಲ್ಕೇ ನಿಮಿಷ, ಸಂಜೆ 5.57ರಿಂದ 6.01ರವರೆಗೆ. ಆ ನಾಲ್ಕು ನಿಮಿಷಕ್ಕೇ ಸರಿಯಾಗಿ ಸಾಕ್ಷಿಗಳು ಅಲ್ಲಿ ನಿಂತಿದ್ದದ್ದು ಆಕಸ್ಮಿಕವಾ? ಮುಂದಿನದು ಹೇಳಲ್ಲ, ಓದಿ. ಕಾದಂಬರಿಯಲ್ಲಿರೋ ರೈಲುಗಳ ಸಮಯ ಆ ಕಾಲದ ನಿಜವಾದ ವೇಳಾಪಟ್ಟಿಯದ್ದು. ತೋಕ್ಯೊದಿಂದ ಹಕಾತಾಗೆ ಹೋಗ್ತಿದ್ದ ಆ ಅಸಾಕಾಜೆ ರಾತ್ರಿ ರೈಲು 1956ರಲ್ಲಷ್ಟೇ ಶುರುವಾಗಿತ್ತು, ದಾರಿ 17 ಗಂಟೆಗೂ ಮೇಲೆ.

ಫಾಲ್ಟ್ ಹುಡುಕೋ ನಮಗೆ ಇದು ಬೇಗ ಅರ್ಥ ಆಗುತ್ತೆ. ಎರಡು ಪಾಯಿಂಟ್ ಅಕ್ಕಪಕ್ಕ ಇವೆ ಅಂದ ಮಾತ್ರಕ್ಕೆ ನಡುವೆ ವೈರ್ ಇದೆ ಅಂತ ಅಲ್ಲ. ಟೆಸ್ಟರ್ ಇಟ್ಟು ನೋಡಬೇಕು. ಕಾದಂಬರಿಯ ಹೆಸರಿನ ಗುಟ್ಟೂ ಇಷ್ಟೇ.

ಆಗಿನವರೆಗೆ ಜಪಾನಿನ ಪತ್ತೇದಾರಿ ಕಥೆ ಅಂದ್ರೆ ಹಳೇ ಬಂಗಲೆ, ಬೀಗ ಹಾಕಿದ ಕೋಣೆ, ಎಲ್ಲ ಬಲ್ಲ ಖಾಸಗಿ ಪತ್ತೇದಾರ ಅನ್ನೋ ಮಾದರಿ ಹೆಚ್ಚು. ಸೇಚೊ ಕಥೆಗಳಲ್ಲಿ ಪತ್ತೇದಾರ ಸಂಬಳಕ್ಕೆ ದುಡಿಯೋ ಪೊಲೀಸ್. ಶೂ ಸವೆದಿರುತ್ತೆ, ಪ್ರಯಾಣ ಭತ್ಯೆ ಮುಗಿದಿರುತ್ತೆ, ಬಿಸಿ ಟೀಗಾಗಿ ಸ್ಟೇಷನ್‌ನಲ್ಲಿ ಕಾಯ್ತಾನೆ. ಕೊಲೆ ಹಿಂದೆ ಭೂತಪ್ರೇತ ಇರಲ್ಲ. ಇಲಾಖೆಯ ಲಂಚ, ಮುಚ್ಚಿಟ್ಟ ಬಡತನ, ಯುದ್ಧದ ಕಾಲದ ಒಂದು ಅವಮಾನ ಇರುತ್ತೆ. ಇದಕ್ಕೆ ಜಪಾನಿನಲ್ಲಿ ಸಾಮಾಜಿಕ ಪತ್ತೇದಾರಿ ಕಾದಂಬರಿ ಅಂತ ಒಂದು ಹೆಸರೇ ಬಂತು. ಇಂಥ ಮನುಷ್ಯರು ಅವರಿಗೆ ಸಿಕ್ಕಿದ್ದೆಲ್ಲಿ ಅಂದ್ರೆ ನನ್ನ ಲೆಕ್ಕದಲ್ಲಿ ಆ ಪೊರಕೆಯ ರೈಲಿನಲ್ಲಿ.

ಮುಂದಿನ ದೊಡ್ಡ ಕಾದಂಬರಿ 1959ರಲ್ಲಿ ಪುಸ್ತಕವಾಗಿ ಬಂತು. ಹೆಸರಿನ ಅರ್ಥ ಸೊನ್ನೆಯ ಕೇಂದ್ರಬಿಂದು. ಮದುವೆಯಾಗಿ ಇನ್ನೂ ಗಂಡನನ್ನು ಸರಿಯಾಗಿ ಅರಿಯದ ತೇಯ್ಕೊ ಅನ್ನೋ ಹೆಣ್ಣು. ಗಂಡ ಹಳೇ ಕೆಲಸ ಒಪ್ಪಿಸಿ ಬರ್ತೀನಿ ಅಂತ ಕನಜಾವಾಗೆ ಹೋದವನು ವಾಪಸು ಬರಲ್ಲ. ಅವಳು ಅವನನ್ನು ಹುಡುಕ್ಕೊಂಡು ಹಿಮ ಬೀಳೋ ಆ ಊರಿಗೆ, ಅಲ್ಲಿಂದ ನೋಟೊ ಕರಾವಳಿಯ ಬಂಡೆಗಳ ತುದಿಗೆ ಹೋಗ್ತಾಳೆ. ಕಾದಂಬರಿ ಓದಿದ ಜನ ಆ ಬಂಡೆ ನೋಡೋಕೆ ಮುಗಿಬಿದ್ರು. ಕಥೆಯ ಜೊತೆ ನೆನೆಯೋ ಯಾಸೆ ಬಂಡೆಯ ತುದಿ 2007ರ ಭೂಕಂಪದಲ್ಲಿ ಕುಸಿದುಬಿತ್ತು. 2024ರ ಜನವರಿ 1ರಂದು ನಾವೆಲ್ಲ ಟಿ.ವಿ. ಮುಂದೆ ಕೂತು ನೋಡಿದ್ದೂ ಇದೇ ನೋಟೊ.

1960-61ರಲ್ಲಿ ಯೊಮಿಯುರಿ ಪತ್ರಿಕೆಯಲ್ಲಿ ಬಂದ ಮರಳಿನ ಪಾತ್ರೆ ಅನ್ನೋ ಕಾದಂಬರಿ ಬಗ್ಗೆ ಹೇಳದೆ ಇರೋಕಾಗಲ್ಲ, ಯಾಕಂದ್ರೆ ಅದು ಭಾಷೆಯ ವಿಷಯ. ತೋಕ್ಯೊದ ಕಮಾತಾ ರೈಲ್ವೆ ಯಾರ್ಡಿನಲ್ಲಿ ಒಂದು ಹೆಣ ಸಿಗುತ್ತೆ. ಹಿಂದಿನ ರಾತ್ರಿ ಒಂದು ಬಾರಿನಲ್ಲಿ ಆ ಮನುಷ್ಯ ಇನ್ನೊಬ್ಬನ ಜೊತೆ ಈಶಾನ್ಯದ ಕಡೆಯ ಉಚ್ಚಾರದಲ್ಲಿ ಮಾತಾಡಿದ್ದು, ಕಮೆದಾ ಅನ್ನೋ ಒಂದು ಮಾತು ಬಂದದ್ದು, ಇಷ್ಟೇ ಸುಳಿವು. ಇಮಾನಿಶಿ ಅನ್ನೋ ಪೊಲೀಸ್ ಉತ್ತರದ ಅಕಿತಾದ ಕಮೆದಾವರೆಗೆ ಹೋಗಿ ಬರಿಗೈಲಿ ಬರ್ತಾನೆ. ಆಮೇಲೆ ತಿಳಿಯುತ್ತೆ, ಅದೇ ಥರದ ಉಚ್ಚಾರ ದೇಶದ ಇನ್ನೊಂದು ಮೂಲೆಯ ಇಜುಮೊ ಬೆಟ್ಟಗಳಲ್ಲೂ ಇದೆ, ಅಲ್ಲಿ ಕಮೆದಾಕೆ ಅಂತ ಒಂದು ಊರಿದೆ. ಆ ಬೆಟ್ಟಗಳ ಪಕ್ಕಕ್ಕೇ ಸೇಚೊ ತಂದೆಯ ಯಾತೊ ಹಳ್ಳಿ ಇರೋದು. ಅಪ್ಪನ ತೋಳಿನ ಮೇಲೆ ಕೇಳಿದ ಮಾತು ಐವತ್ತು ವರ್ಷದ ಮೇಲೆ ಕೊಲೆಗಾರನನ್ನು ಹಿಡಿಯೋಕೆ ಬಂತು ಅಂತ ನನಗನ್ನಿಸುತ್ತೆ. ಇಲ್ಲಿ ನಮ್ಮ ಬಳಗದ ಯುಗಾದಿ ಊಟಕ್ಕೆ ಬಂದವರು ಬಾಯಿ ಬಿಟ್ಟರೆ ಸಾಕು, ಧಾರವಾಡವೋ ಕುಂದಾಪುರವೋ ಚಾಮರಾಜನಗರವೋ ಗೊತ್ತಾಗಿಬಿಡುತ್ತಲ್ಲ. ಬಟ್ಟೆ ಬದಲಾಯಿಸಬಹುದು, ಹೆಸರು ಬದಲಾಯಿಸಬಹುದು, ನಾಲಿಗೆಯಲ್ಲಿರೋ ಊರು ಅಷ್ಟು ಸುಲಭವಾಗಿ ಹೋಗಲ್ಲ.

ಆ ಕಥೆಯ ತಿರುಳು ಕುಷ್ಠರೋಗದಿಂದ ಊರು ಬಿಡಬೇಕಾದ ಅಪ್ಪ, ಅವನ ಜೊತೆ ಭಿಕ್ಷೆ ಬೇಡ್ತಾ ದೇಶ ಸುತ್ತಿದ ಸಣ್ಣ ಮಗ. ಜಪಾನಿನಲ್ಲಿ ಕುಷ್ಠರೋಗಿಗಳನ್ನು ಬೇರೆ ಇಡೋ ಕಾನೂನು ರದ್ದಾದದ್ದು 1996ರಲ್ಲಿ. 1974ರಲ್ಲಿ ಬಂದ ಸಿನಿಮಾದಲ್ಲಿ ಆ ಅಪ್ಪ ಮಗ ನಡೆಯೋ ದಾರಿಯನ್ನು ನೋಡ್ತಾ ನಾನು ಅತ್ತುಬಿಟ್ಟೆ. ಹೇಳ್ಕೊಳ್ಳೋಕೆ ನಾಚಿಕೆ ಇಲ್ಲ.

ಕಳೆದ ವರ್ಷ ಫುಕುವೊಕಾದಲ್ಲಿ ಒಂದು ಕಟ್ಟಡದ ವೈರಿಂಗ್ ಕೆಲಸಕ್ಕೆ ನಮ್ಮನ್ನು ಮೂರು ವಾರ ಕಳಿಸಿದ್ರು. ಮೊದಲ ಭಾನುವಾರವೇ ಕಶೀಯಿಗೆ ಹೋದೆ. ಅಲ್ಲಿ ಜೆ.ಆರ್. ಸ್ಟೇಷನ್ ಒಂದು, ನಿಶಿತೆತ್ಸು ಕಂಪನಿಯ ಸ್ಟೇಷನ್ ಒಂದು. ಈ ಎರಡರ ನಡುವೆ ನಡೆಯೋಕೆ ಎಷ್ಟು ನಿಮಿಷ ಬೇಕು ಅನ್ನೋದು ಕಾದಂಬರಿಯಲ್ಲಿ ದೊಡ್ಡ ಪ್ರಶ್ನೆ, ತೊರಿಗಾಯ್ ತಾನೇ ನಡೆದು ಗಡಿಯಾರ ನೋಡ್ತಾನೆ. ನಾನೂ ನಡೆದೆ. ಏಳು ನಿಮಿಷ ಆಗಲಿಲ್ಲ. ಸಮುದ್ರ ಮಾತ್ರ ಕಾದಂಬರಿಯಲ್ಲಿದ್ದ ಹಾಗಿಲ್ಲ, ಮಣ್ಣು ತುಂಬಿ ದೂರ ಸರಿಸಿ ಕಟ್ಟಡ ಕಟ್ಟಿದ್ದಾರೆ. ಆದರೂ ಆ ಏಳು ನಿಮಿಷದಲ್ಲಿ ನಾನು ಅಂಗಡಿ ಬೋರ್ಡು ನೋಡಿದೆ, ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ನೋಡಿದೆ, ಸಂಜೆ ದೀಪ ಎಷ್ಟು ಹೊತ್ತಿಗೆ ಹತ್ತಿತು ಅಂತ ನೋಡಿದೆ. ಜಪಾನಿಗೆ ಬಂದ ಮೇಲೆ ಒಂದು ರಸ್ತೆಯನ್ನು ಹಾಗೆ ನೋಡಿದ್ದು ಅದೇ ಮೊದಲು.

ಮುಂದಿನ ಭಾನುವಾರ ಹಕಾತಾದಿಂದ ಕೊಕುರಾಗೆ ಹೋದೆ. ಅಲ್ಲಿ ಕೋಟೆ ಪಕ್ಕದಲ್ಲಿ ಸೇಚೊ ಸ್ಮಾರಕ ಸಂಗ್ರಹಾಲಯ ಇದೆ. ಅವರು ತೀರಿಕೊಂಡದ್ದು 1992ರ ಆಗಸ್ಟ್ 4ರಂದು, 82ನೇ ವಯಸ್ಸಿನಲ್ಲಿ. ಸರಿಯಾಗಿ ಆರು ವರ್ಷಕ್ಕೆ, 1998ರ ಆಗಸ್ಟ್ 4ರಂದು, ಸಂಗ್ರಹಾಲಯ ತೆರೆಯಿತು. ತೋಕ್ಯೊದಲ್ಲಿದ್ದ ಅವರ ಓದುವ ಕೋಣೆ, ಪುಸ್ತಕದ ಕೋಣೆಗಳನ್ನು ಅಲ್ಲಿ ಹಾಗೆಯೇ ಮತ್ತೆ ಕಟ್ಟಿ ಇಟ್ಟಿದ್ದಾರೆ. ಸುಮಾರು 30,000 ಪುಸ್ತಕ. ಅಪ್ಪ ಸುಟ್ಟ ನಾಲ್ಕು ಪುಸ್ತಕದ ಜಾಗದಲ್ಲಿ ಇಷ್ಟು ಬೆಳೆದವು ಅಂತ ಗಾಜಿನ ಮುಂದೆ ನಿಂತು ಯೋಚನೆ ಮಾಡಿದೆ. ನಲವತ್ತು ದಾಟಿದ ಮೇಲೆ ಶುರು ಮಾಡಿ ಸಣ್ಣದು ದೊಡ್ಡದು ಸೇರಿ ಸಾವಿರದಷ್ಟು ಬರಹ ಬರೆದ್ರು. 1963ರಿಂದ 1971ರವರೆಗೆ ಜಪಾನಿನ ಪತ್ತೇದಾರಿ ಲೇಖಕರ ಸಂಘಕ್ಕೆ ಮುಖ್ಯಸ್ಥರಾಗಿದ್ರು. ಐವತ್ತು ದಾಟಿದ ಮೇಲೆ ವಿದೇಶಕ್ಕೂ ಹೋದ್ರು. ಇರಾನಿಗೆ ಹೋಗಿ ಬಂದು, ಅಲ್ಲಿನ ಅಗ್ನಿ ಆರಾಧನೆಗೂ ನಾರಾ ಹತ್ತಿರದ ಅಸುಕಾದ ಹಳೇ ಕಲ್ಲುಗಳಿಗೂ ಸಂಬಂಧ ಕಲ್ಪಿಸೋ ಕಾದಂಬರಿ ಬರೆದ್ರು. ಪೊರಕೆ ಮಾರೋಕೆ ಹೋದಾಗ ನಾರಾದ ಕಡೆ ಕದ್ದು ಉಳಿಸಿದ ಒಂದೆರಡು ಗಂಟೆ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ಇದನ್ನು ಓದಿ ನಾವೆಲ್ಲ ಕಾದಂಬರಿ ಬರೀಬೇಕು ಅಂತ ಹೇಳ್ತಿಲ್ಲ. ಅವರ ಕಷ್ಟ ಒಳ್ಳೇದಾಗಿತ್ತು ಅಂತಲೂ ಹೇಳ್ತಿಲ್ಲ. ಹಸಿವು ಒಳ್ಳೇದು ಅನ್ನೋನು ಹಸಿದವನಲ್ಲ. ಆದರೆ ದುಡ್ಡಿದ್ದವರು ಪ್ರವಾಸಕ್ಕೆ ಹೋಗಿ ನೋಡೋ ಊರು ಬೇರೆ, ಕೆಲಸ ಹುಡುಕ್ಕೊಂಡು ಹೋದವನಿಗೆ ಕಾಣೋ ಊರು ಬೇರೆ. ಯಾರ್ಡು, ಗೋಡೌನು, ಅಗ್ಗದ ಹೋಟೆಲ್, ಕೊನೇ ರೈಲು, ಇವು ಗೈಡ್ ಪುಸ್ತಕದಲ್ಲಿರಲ್ಲ. ಸೇಚೊ ಅದನ್ನೇ ಬರೆದು ಇಡೀ ದೇಶಕ್ಕೆ ತೋರಿಸಿದ್ರು. ನಮ್ಮ ಕಣ್ಣಿಗೂ ದಿನಾ ಬೀಳೋದು ಅದೇ.

ಆ ಭಾನುವಾರ ರಾತ್ರಿ ಅಪ್ಪ ಫೋನಿನಲ್ಲಿ ಎಂದಿನ ಹಾಗೆ ಊರು ಹೆಂಗಿದೆ ಅಂತ ಕೇಳಿದ್ರು. ನಾನು ಚೆನ್ನಾಗಿದೆ ಅನ್ನಲಿಲ್ಲ. ಕಶೀಯಿಯ ಎರಡು ಸ್ಟೇಷನ್, ಸರಿದುಹೋದ ಸಮುದ್ರ, ಒಬ್ಬರ ಊಟದ ರಸೀದಿ, ನಾಲ್ಕು ನಿಮಿಷ, ಪೊರಕೆ ಮಾರಿದ ಮನುಷ್ಯ, ಎಲ್ಲಾ ಹೇಳಿದೆ. ಮುಕ್ಕಾಲು ಗಂಟೆ ಆಯ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಅರಸೀಕೆರೆ ಜಂಕ್ಷನ್‌ನಲ್ಲೂ ಗೂಡ್ಸ್ ಗಾಡಿ ನಿಂತುಬಿಟ್ಟರೆ ಆಚೆ ಪ್ಲಾಟ್‌ಫಾರ್ಮ್ ಕಾಣ್ತಿರಲಿಲ್ಲ ಅಂತ ಶುರು ಮಾಡಿದ್ರು. ಹಾಗೆ ಕಾಣದೇ ಇದ್ದಾಗ ಒಂದು ರಾತ್ರಿ ಹತ್ತು ಮೂಟೆ ಕೊಬ್ಬರಿ ಮಾಯ ಆದ ಕಥೆ. ನಾನು ಹುಟ್ಟೋಕೆ ಮುಂಚಿನದು, ಒಂದು ದಿನವೂ ನನಗೆ ಹೇಳಿರಲಿಲ್ಲ. ಕದ್ದವರು ಯಾರು ಅಂತ ಅಪ್ಪನಿಗೆ ಗೊತ್ತು, ಆದರೆ ಮುಂದಿನ ಭಾನುವಾರ ಹೇಳ್ತೀನಿ ಅಂತ ಫೋನ್ ಇಟ್ಟುಬಿಟ್ರು.

ಈಗ ಸೈಟ್ ರಿಪೋರ್ಟ್ ಜೊತೆ ಇನ್ನೊಂದು ಸಣ್ಣ ನೋಟ್‌ಬುಕ್ ನನ್ನ ಟೂಲ್ ಬ್ಯಾಗಿನಲ್ಲಿರುತ್ತೆ.